‘ನಾನು ಯಾರು?’ ಎಂದು ಸಾರಥಿಯನ್ನು ಕೇಳಿದ ದೊರೆ

ಸಿರುಗುಪ್ಪ ತಾಲೂಕಿನ ನಮ್ಮೂರ ಕಡೆ ಭತ್ತ ಮನೆಗೆ ಬಂದ ಮೇಲೆ ಅಟ್ಟ ಕಟ್ಟಿ ಬಯಲಾಟ ಇಡುತ್ತಾರೆ. ದೊರೆಯ ವೇಷದವನು ಗೆಜ್ಜೆ ಕುಟ್ಟುತ್ತಾ ಬರುತ್ತಾನೆ, ಅಟ್ಟದ ಹಲಗೆಗಳು ದಡದಡ ಅನ್ನುತ್ತವೆ. ಎರಡು ಸುತ್ತು ಕುಣಿದು ನಿಂತ ಮೇಲೆ ಸಾರಥಿ ಮುಂದೆ ಬಂದು ಕೇಳುತ್ತಾನೆ: ತಾವು ಯಾರು? ಯಾವ ಪಟ್ಟಣದವರು? ಇಲ್ಲಿಗೆ ಬಂದ ಕಾರಣವೇನು? ಅಷ್ಟು ಕೇಳಿದ್ದೇ ಸಾಕು. ‘ಭಲಾ ಸಾರಥಿ’ ಎಂದು ಶುರುಮಾಡಿದ ದೊರೆ ತನ್ನ ಕುಲ, ತನ್ನ ಬಲ, ತನ್ನ ಆನೆ ಕುದುರೆ ಎಲ್ಲವನ್ನೂ ಹೇಳಿಯೇ ಉಸಿರು ಬಿಡುತ್ತಾನೆ. ಸಾರಥಿ ನಡುನಡುವೆ ಊರ ಮಾತಿನಲ್ಲಿ ಒಂದು ಚಟಾಕಿ ಹಾರಿಸುತ್ತಾನೆ. ಜನ ನಗುತ್ತಾರೆ. ದೊರೆಗೆ ಕೋಪ ಬರುವುದಿಲ್ಲ, ಬರಬಾರದು. ಅದು ಆಟದ ಕಟ್ಟಳೆ.

ಈಗ ಇದನ್ನೇ ತಿರುವಿ ಹಾಕಿ ನೋಡಿ. ದೊರೆಯೇ ಅಟ್ಟದ ನಡುವೆ ನಿಂತು, ‘ನಾನು ಯಾರು ಅಂತ ಯಾರಾದರೂ ಹೇಳ್ತೀರಾ?’ ಎಂದು ಕೇಳುತ್ತಾನೆ. ಸಾರಥಿ ಹೇಳುತ್ತಾನೆ: ‘ಆ ದೊರೆಯ ನೆರಳು.’

ಇದು ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ನಾಟಕದ ಮೊದಲ ಅಂಕದ ನಾಲ್ಕನೇ ದೃಶ್ಯ. ಸಾರಥಿಯ ಜಾಗದಲ್ಲಿ ಅಲ್ಲಿರುವವನು ಫೂಲ್, ಅಂದರೆ ಆಸ್ಥಾನದ ವಿದೂಷಕ. ನಾನು ಡಿಗ್ರಿ ಮಕ್ಕಳಿಗೆ ಈ ನಾಟಕ ಪಾಠ ಮಾಡುವಾಗ ಪ್ರತಿ ವರ್ಷ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆ: ‘ಸರ್, ಇಷ್ಟು ದಡ್ಡ ದೊರೆ ಎಲ್ಲಾದ್ರೂ ಇರ್ತಾನಾ?’ ನ್ಯಾಯವಾದ ಪ್ರಶ್ನೆ. ಪರೀಕ್ಷೆಗೆ ಬರೆಯಲು ಒಂದು ಸಿದ್ಧ ಉತ್ತರವೂ ಇದೆ: ಲಿಯರ್ ದೊಡ್ಡ ದೊರೆ, ತಪ್ಪು ಮಾಡಿದ, ಹುಚ್ಚನಾದ, ಸತ್ತ. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಅವನ ದಡ್ಡತನ ಎಂಥದ್ದು, ಎಲ್ಲಿ ಶುರುವಾಗುತ್ತದೆ, ಎಲ್ಲಿ ಬಣ್ಣ ಬದಲಿಸುತ್ತದೆ ಎಂದು ಬಿಡಿಸಿ ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ.

ಮೊದಲು ಕಥೆ. ಎಂಬತ್ತು ದಾಟಿದ ಲಿಯರ್‌ಗೆ ಮೂವರು ಹೆಣ್ಣುಮಕ್ಕಳು: ಗಾನರಿಲ್, ರೀಗನ್, ಕಾರ್ಡೀಲಿಯ. ಮೊದಲಿಬ್ಬರಿಗೆ ಮದುವೆಯಾಗಿದೆ. ಕಿರಿಯವಳಿಗೆ ಎರಡು ಕಡೆಯಿಂದ ಸಂಬಂಧ ಬಂದು ಕೂತಿದೆ. ದೊರೆ ನಕ್ಷೆ ತರಿಸಿ, ರಾಜ್ಯವನ್ನು ಮೂರು ಪಾಲು ಮಾಡಿದ್ದೇನೆ, ಯಾರಿಗೆ ನನ್ನ ಮೇಲೆ ಜಾಸ್ತಿ ಪ್ರೀತಿ ಹೇಳಿ, ಅವರಿಗೆ ಒಳ್ಳೆಯ ಪಾಲು ಎನ್ನುತ್ತಾನೆ. ದೊಡ್ಡವರಿಬ್ಬರೂ ಬೆಣ್ಣೆ ಹಚ್ಚಿ ಮಾತಾಡುತ್ತಾರೆ. ಚಿಕ್ಕವಳು ‘ಹೇಳಲು ಏನೂ ಇಲ್ಲ’ ಎನ್ನುತ್ತಾಳೆ. ಮಗಳಾಗಿ ಎಷ್ಟು ಪ್ರೀತಿಸಬೇಕೋ ಅಷ್ಟು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಲಿಯರ್ ಸಿಟ್ಟಿಗೆದ್ದು ಅವಳ ಪಾಲನ್ನು ಅಕ್ಕಂದಿರಿಗೆ ಹಂಚಿಬಿಡುತ್ತಾನೆ. ಅಡ್ಡ ಬಂದ ನಂಬಿಕೆಯ ಬಂಟ ಕೆಂಟ್‌ನನ್ನು ದೇಶ ಬಿಟ್ಟು ಓಡಿಸುತ್ತಾನೆ.

ಇಲ್ಲಿ ಹುಡುಗರು ಗಮನಿಸದ ಒಂದು ವಿಷಯವಿದೆ. ನಾಟಕ ತೆರೆದುಕೊಳ್ಳುವುದೇ ಇಬ್ಬರು ಸಾಮಂತರ ಹರಟೆಯಿಂದ. ಇಬ್ಬರು ಅಳಿಯಂದಿರಿಗೆ ಪಾಲು ಹೇಗೆ ಸರಿಸಮ ಬಂದಿದೆ ಎಂದು ಅವರು ಮಾತಾಡಿಕೊಳ್ಳುತ್ತಾರೆ. ಅಂದರೆ ವಾಟ್ನಿ ಮೊದಲೇ ಆಗಿಹೋಗಿದೆ, ಗೆರೆಗಳನ್ನು ಎಳೆದಾಗಿದೆ. ಪ್ರೀತಿಯ ಪರೀಕ್ಷೆಯೆಂಬುದು ಸುಮ್ನೆ ಶೋಕಿ. ಪಂಚರ ಮುಂದೆ ಮಕ್ಕಳ ಬಾಯಲ್ಲಿ ಹೊಗಳಿಸಿಕೊಳ್ಳುವ ಆಸೆ, ಅಷ್ಟೇ. ಪಾಲು ಮಾಡಿದ್ದು ಬುದ್ಧಿಗೆಟ್ಟ ಕೆಲಸ ಆಗಿರಲಿಲ್ಲ. ವಯಸ್ಸಾಗಿದೆ, ಗಂಡುಮಕ್ಕಳಿಲ್ಲ, ಕಣ್ಣು ಮುಚ್ಚಿದ ಮೇಲೆ ಜಗಳ ಬೇಡ ಎಂದುಕೊಂಡಿದ್ದ. ಕಾಗದದ ಕೆಲಸಕ್ಕೆ ಹೊಗಳಿಕೆಯನ್ನು ಗಂಟುಹಾಕಿದ್ದೇ ಕೆಟ್ಟಿತು.

ಆಮೇಲೆ ಒಂದು ಕರಾರು ಹಾಕುತ್ತಾನೆ. ಆಳುವ ಕೆಲಸ, ವರಮಾನ, ಅಧಿಕಾರ ಎಲ್ಲ ಅಳಿಯಂದಿರಿಗೆ. ‘ದೊರೆ’ ಎಂಬ ಹೆಸರು ಮತ್ತು ಅದರ ಮರ್ಯಾದೆ ಮಾತ್ರ ತನಗೆ. ಜೊತೆಗೆ ನೂರು ಮಂದಿ ಸವಾರರು. ಅವರ ಖರ್ಚು ಹೆಣ್ಣುಮಕ್ಕಳದ್ದು. ತಾನು ಒಂದು ತಿಂಗಳು ಇವಳ ಮನೆ, ಒಂದು ತಿಂಗಳು ಅವಳ ಮನೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಇದು ಪಾಳಿ. ಅಪ್ಪ ಹೊಲ ಹಂಚಿದ, ಪಹಣಿಯಲ್ಲಿ ಮಕ್ಕಳ ಹೆಸರು ಬಂತು, ಈ ತಿಂಗಳು ದೊಡ್ಡವನ ಮನೆಯಲ್ಲಿ ಊಟ, ಮುಂದಿನ ತಿಂಗಳು ಸಣ್ಣವನ ಮನೆಯಲ್ಲಿ. ನಮ್ಮ ಓಣಿಯಲ್ಲೇ ಒಬ್ಬ ಹಿರಿಯರಿದ್ದರು. ಕಾಲುವೆ ನೀರು ಹರಿಯುವ ಎಂಟು ಎಕರೆಯನ್ನು ಇಬ್ಬರು ಮಕ್ಕಳಿಗೆ ಬರೆದುಕೊಟ್ಟರು. ಕೊಟ್ಟ ಮೇಲೂ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ‘ನಮ್ಮ ಹೊಲಕ್ಕೆ ಇವತ್ತು ಗೊಬ್ಬರ ಹಾಕ್ಸಬೇಕಪಾ’ ಅನ್ನುತ್ತಿದ್ದರು. ‘ನಮ್ಮ’ ಎಂಬ ಆ ಒಂದು ಮಾತಿಗಾಗಿ ಮನೆಯಲ್ಲಿ ವಾರಕ್ಕೊಮ್ಮೆ ಜಗಳ. ಅವರೇನೂ ದಡ್ಡರಾಗಿರಲಿಲ್ಲ. ಮಣ್ಣು ನೋಡಿ ಬೆಳೆ ಹೇಳುವಷ್ಟು ಶಾಣ್ಯಾ ಮನುಷ್ಯ. ಹೊಲ ಕೈಬಿಟ್ಟರೆ ಹೊಲದಿಂದ ಬಂದ ಮಾನವೂ ಅದರ ಹಿಂದೆಯೇ ಹೋಗುತ್ತದೆ ಎಂಬುದೊಂದು ಅವರಿಗೆ ಹೊಳೆಯಲಿಲ್ಲ. ಲಿಯರ್‌ಗೂ ಹೊಳೆಯಲಿಲ್ಲ.

ಮೊದಲ ದೃಶ್ಯ ಮುಗಿಯುವಾಗ ಅಕ್ಕತಂಗಿಯರಿಬ್ಬರೂ ಅಪ್ಪನ ಬಗ್ಗೆ ಮಾತಾಡಿಕೊಳ್ಳುವುದನ್ನು ಕೇಳಿ. ಇದು ವಯಸ್ಸಿನ ಕಾಯಿಲೆ ಎನ್ನುತ್ತಾಳೆ ರೀಗನ್. ಅರವತ್ತಕ್ಕೆ ಅರಳು ಮರಳು ಎಂದು ನಾವು ಅನ್ನುತ್ತೇವಲ್ಲ, ಹಾಗೆ. ಮರುಕ್ಷಣವೇ ಅವಳೇ ಸೇರಿಸುತ್ತಾಳೆ: ಆದರೂ ಇವನು ಯಾವತ್ತೂ ತನ್ನನ್ನು ತಾನು ಅಷ್ಟಾಗಿ ಅರಿತವನಲ್ಲ. ಗಾನರಿಲ್ ಹೇಳುವುದೂ ಅದನ್ನೇ: ಗಟ್ಟಿಮುಟ್ಟಾಗಿದ್ದ ಕಾಲದಲ್ಲೂ ದುಡುಕುವ ಬುದ್ಧಿಯೇ ಇತ್ತು. ಕೆಟ್ಟ ಹೆಣ್ಣುಮಕ್ಕಳು, ಆದರೆ ಮಾತು ನಿಜ. ಲಿಯರ್ ಮುದುಕನಾಗಿ ದಡ್ಡನಾದವನಲ್ಲ. ಕಿರೀಟ ಇರುವ ತನಕ ದುಡುಕಿದರೆ ಅದಕ್ಕೆ ಗತ್ತು ಅನ್ನುತ್ತಾರೆ. ಕಿರೀಟ ಇಳಿದ ಮೇಲೆ ಅದೇ ಬುದ್ಧಿಗೆ ಹೆಸರು ಬೇರೆ.

ಗ್ರೀಕರ ಅರಿಸ್ಟಾಟಲ್ ದುರಂತ ನಾಯಕನ ತಪ್ಪಿಗೆ ‘ಹಮಾರ್ಶಿಯ’ ಎಂಬ ಮಾತು ಬಳಸಿದ. ಪಠ್ಯಪುಸ್ತಕಗಳಲ್ಲಿ ಇದನ್ನು ‘ದುರಂತ ದೋಷ’ ಎಂದು ಬರೆದು ಮುಗಿಸುತ್ತಾರೆ, ಮಕ್ಕಳು ಅದನ್ನು ಪಾಪ ಎಂದು ತಿಳಿಯುತ್ತಾರೆ. ಆ ಮಾತಿನ ಬೇರು ಗುರಿ ತಪ್ಪುವುದರಲ್ಲಿದೆ. ಬಾಣ ಬಿಟ್ಟೆ, ಬೇರೆ ಕಡೆ ನಾಟಿತು. ಲಿಯರ್ ವಿಷಯದಲ್ಲಿ ಈ ಅರ್ಥವೇ ಹೊಂದುತ್ತದೆ. ಪ್ರೀತಿಗೆ ಗುರಿಯಿಟ್ಟ, ಬಾಣ ಹೊಗಳಿಕೆಗೆ ಹೋಗಿ ನಾಟಿತು.

ಇನ್ನು ವಿದೂಷಕ. ಸಂಸ್ಕೃತ ನಾಟಕದ ವಿದೂಷಕನಿಗೆ ಊಟದ ಚಿಂತೆ ಜಾಸ್ತಿ. ಲಿಯರ್‌ನ ವಿದೂಷಕ ನಮ್ಮ ಸಾರಥಿಗೇ ಹತ್ತಿರ. ಒಂದು ಮೊಟ್ಟೆ ಕೊಡು, ಎರಡು ಕಿರೀಟ ಕೊಡುತ್ತೇನೆ ಎನ್ನುತ್ತಾನೆ. ಹೇಗೋ? ಮೊಟ್ಟೆಯನ್ನು ನಡುವೆ ಕತ್ತರಿಸಿ ಒಳಗಿನದನ್ನು ತಿಂದರೆ ಉಳಿಯುವ ಎರಡು ಚಿಪ್ಪೇ ಎರಡು ಕಿರೀಟ. ನೀನೂ ನಿನ್ನ ಕಿರೀಟವನ್ನು ನಡುವೆ ಸೀಳಿ ಎರಡೂ ಭಾಗ ಕೊಟ್ಟುಬಿಟ್ಟೆ, ಕೆಸರು ದಾಟುವಾಗ ನಿನ್ನ ಕತ್ತೆಯನ್ನು ನೀನೇ ಬೆನ್ನ ಮೇಲೆ ಹೊತ್ತೆ. ಇನ್ನೊಂದು ಕಡೆ, ಬುದ್ಧಿ ಬರುವ ಮುಂಚೆ ನಿನಗೆ ವಯಸ್ಸಾಗಬಾರದಿತ್ತು ಎನ್ನುತ್ತಾನೆ. ಈ ಮಾತು ಬೇರೆ ಯಾರು ಆಡಿದ್ದರೂ ಕೆಂಟ್‌ನ ಹಾಗೆ ಗಡಿಪಾರು ಆಗುತ್ತಿದ್ದರು. ಹುಚ್ಚನ ಪಟ್ಟ ಕಟ್ಟಿಸಿಕೊಂಡವನಿಗೆ ಮಾತ್ರ ನಿಜ ಹೇಳುವ ಪರವಾನಗಿ.

ಮೊದಲು ಹೇಳಿದ ಆ ‘ನೆರಳು’ ಮಾತಿಗೆ ಒಂದು ತಮಾಷೆಯ ಹಿನ್ನೆಲೆಯಿದೆ. ಈ ನಾಟಕದ ಎರಡು ಹಳೆಯ ಮುದ್ರಣಗಳಿವೆ, 1608ರದ್ದೊಂದು, 1623ರದ್ದೊಂದು. 1623ರ ಪುಸ್ತಕದಲ್ಲಿ ಆ ಮಾತು ವಿದೂಷಕನದ್ದು. 1608ರದ್ದರಲ್ಲಿ ಅದನ್ನು ಲಿಯರ್ ತಾನೇ ಆಡುತ್ತಾನೆ. ಕೇಳಿದವನೂ ತಾನೇ, ಉತ್ತರ ಕೊಟ್ಟುಕೊಂಡವನೂ ತಾನೇ. ಬಯಲಾಟ ನೋಡಿ ಬೆಳೆದ ನನಗೆ ಸಾರಥಿ ಹೇಳುವ ಪಾಠವೇ ಹಿಡಿಸುತ್ತದೆ.

ಈಗ ನಾಟಕದ ಕಟುವಾದ ಭಾಗಕ್ಕೆ ಬರೋಣ. ಇಲ್ಲಿ ನಡೆಯುವುದು ಬರೀ ಲೆಕ್ಕ.

ನೂರು ಸವಾರರಿದ್ದಾರೆ. ಗಾನರಿಲ್ ಮನೆಯಲ್ಲಿ ಹದಿನೈದು ದಿನ ಕಳೆಯುವಷ್ಟರಲ್ಲಿ ಒಂದೇ ಏಟಿಗೆ ಐವತ್ತು ಮಂದಿಯನ್ನು ಕಡಿತ ಮಾಡಿದ್ದಾಳೆ. ಲಿಯರ್ ಅವಳನ್ನು ಶಪಿಸಿ ರೀಗನ್ ಹತ್ತಿರ ಬರುತ್ತಾನೆ. ರೀಗನ್, ಅಕ್ಕನ ಮನೆಗೇ ವಾಪಸ್ ಹೋಗಪ್ಪ, ನನ್ನಲ್ಲಿಗೆ ಬರುವುದಾದರೆ ಇಪ್ಪತ್ತೈದು ಮಂದಿಯ ಮೇಲೆ ಒಬ್ಬರಿಗೂ ಜಾಗವಿಲ್ಲ ಎನ್ನುತ್ತಾಳೆ. ‘ನಾನು ನಿಮಗೆ ಎಲ್ಲವನ್ನೂ ಕೊಟ್ಟೆ’ ಎನ್ನುತ್ತಾನೆ ಅಪ್ಪ. ‘ಕೊಡಬೇಕಾದ ಹೊತ್ತಿಗೆ ಕೊಟ್ಟೆ ಬಿಡು’ ಎನ್ನುತ್ತಾಳೆ ಮಗಳು. ಅಷ್ಟರಲ್ಲಿ ಗಾನರಿಲ್ ಕೂಡ ಅಲ್ಲಿಗೇ ಬಂದಿದ್ದಾಳೆ, ಲಿಯರ್ ಅವಳ ಕಡೆ ತಿರುಗುತ್ತಾನೆ. ಈಗಷ್ಟೇ ಶಾಪ ಹಾಕಿದ ಮಗಳು ಅವಳು. ಅವಳಿಗೆ ಹೇಳುತ್ತಾನೆ: ನಿನ್ನ ಜೊತೆಗೇ ಬರುತ್ತೇನೆ. ನಿನ್ನ ಐವತ್ತು ಇವಳ ಇಪ್ಪತ್ತೈದರ ಎರಡರಷ್ಟು. ಹಾಗಾಗಿ ನಿನ್ನ ಪ್ರೀತಿಯೂ ಇವಳ ಎರಡರಷ್ಟು.

ನನ್ನ ಲೆಕ್ಕದಲ್ಲಿ ಇಡೀ ನಾಟಕದಲ್ಲಿ ಲಿಯರ್ ಅತಿ ದಡ್ಡನಾಗಿ ಕಾಣುವುದು ಇಲ್ಲಿ. ಮೊದಲ ದೃಶ್ಯದಲ್ಲಿ ಪ್ರೀತಿಯನ್ನು ಭೂಮಿಯಲ್ಲಿ ಅಳೆದ. ಬೀದಿಗೆ ಬೀಳುವ ಹೊತ್ತಿನಲ್ಲೂ ಅದೇ ತಕ್ಕಡಿ ಹಿಡಿದಿದ್ದಾನೆ, ತೂಕದ ಕಲ್ಲು ಮಾತ್ರ ಬದಲಾಗಿದೆ. ಮಕ್ಕಳು ಅಪ್ಪನ ಲೆಕ್ಕವನ್ನೇ ಮುಂದುವರಿಸುತ್ತಾರೆ. ಇಪ್ಪತ್ತೈದು ಯಾಕೆ, ಹತ್ತು ಯಾಕೆ, ಐದು ಯಾಕೆ ಬೇಕು ಎನ್ನುತ್ತಾಳೆ ದೊಡ್ಡವಳು. ಒಬ್ಬನಾದರೂ ಯಾಕೆ ಬೇಕು ಎನ್ನುತ್ತಾಳೆ ಎರಡನೆಯವಳು. ಹರಾಜಿನಲ್ಲಿ ಕೂಗು ಮೇಲೇರುತ್ತದೆ, ಇಲ್ಲಿ ಇಳಿಯುತ್ತದೆ. ಮೊದಲ ದೃಶ್ಯದಲ್ಲಿ ಕಾರ್ಡೀಲಿಯ ಹೇಳಿದ ‘ಏನೂ ಇಲ್ಲ’ ಎಂಬಲ್ಲಿಗೇ ಅಂಕಿ ಬಂದು ನಿಂತಿದೆ.

ಅದೇ ಉಸಿರಿನಲ್ಲಿ ಲಿಯರ್ ಒಂದು ಮಾತಾಡುತ್ತಾನೆ. ಬೇಕು ಬೇಡದ ಲೆಕ್ಕ ಹಾಕಬೇಡಿ. ತೀರಾ ಬಡ ಭಿಕಾರಿಯ ಹತ್ತಿರವೂ ಅಗತ್ಯಕ್ಕಿಂತ ಒಂದು ಚೂರು ಹೆಚ್ಚಿನದು ಏನೋ ಇರುತ್ತದೆ. ಬದುಕಲು ಬೇಕಾದಷ್ಟೇ ಕೊಟ್ಟರೆ ಮನುಷ್ಯನ ಬಾಳು ಪಶುವಿನ ಬಾಳಿನಷ್ಟೇ ಅಗ್ಗ. ಒಂದು ನಿಮಿಷದ ಹಿಂದೆ ಪ್ರೀತಿಗೆ ಗುಣಾಕಾರ ಮಾಡುತ್ತಿದ್ದ ಬಾಯಿಂದ ಇಂಥ ಮಾತು!

ಈ ‘ಬೇಕು’ ಎಂಬ ಮಾತು ನಮ್ಮ ಕಾನೂನಿನಲ್ಲೂ ಇದೆ ಎಂದು ಕ್ಲಾಸಿನಲ್ಲಿ ಹೇಳಿದಾಗ ಹುಡುಗರು ಎದ್ದು ಕೂರುತ್ತಾರೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯಲ್ಲಿ 23ನೇ ಕಲಮು ಎಂದೊಂದಿದೆ. ಕಾಯ್ದೆ ಬಂದ ಮೇಲೆ, ‘ನನ್ನ ಮೂಲಭೂತ ಸೌಕರ್ಯ, ಅಗತ್ಯಗಳನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಕೊಡುಗೆಯನ್ನು ರದ್ದು ಮಾಡಿಸಬಹುದು. ನಮ್ಮ ರಾಜ್ಯದಲ್ಲಿ ಈ ಅರ್ಜಿ ಉಪವಿಭಾಗಾಧಿಕಾರಿಯ ಮುಂದೆ ಹೋಗುತ್ತದೆ. ಸಿರುಗುಪ್ಪದವರಾದರೆ ಬಳ್ಳಾರಿಯ ಎ.ಸಿ. ಆಫೀಸು. ಹಾಗಾದರೆ ಲಿಯರ್ ಅರ್ಜಿ ಹಾಕಿದ್ದರೆ? ಷರತ್ತೇನೋ ಇತ್ತು, ಆಸ್ಥಾನದವರೇ ಸಾಕ್ಷಿ. ಆದರೆ ಕಾಯ್ದೆ ಕೇಳುವುದು ಮೂಲಭೂತ ಅಗತ್ಯವನ್ನು. ಊಟ, ಬಟ್ಟೆ, ಸೂರು, ಔಷಧ. ನೂರು ಕುದುರೆ ಸವಾರರು ಅದರಲ್ಲಿ ಬರುವುದಿಲ್ಲ. ‘ನಮ್ಮ ಹೊಲ’ ಎಂದು ಅನ್ನಿಸಿಕೊಳ್ಳುವ ಆಸೆಯೂ ಬರುವುದಿಲ್ಲ. ಕಾನೂನಿಗೆ ಅಳೆಯಲು ಬರದ ಆ ಒಂದು ಚೂರಿಗಾಗಿಯೇ ಲಿಯರ್ ಜಗಳಕ್ಕೆ ನಿಂತಿದ್ದಾನೆ. ಅವನ ಕಡೆ ತಪ್ಪೆಷ್ಟು, ಸರಿಯೆಷ್ಟು ಎಂದು ಬೇರೆ ಮಾಡಲು ನನಗೆ ಇವತ್ತಿಗೂ ಕೈ ಬರುವುದಿಲ್ಲ.

ಅಲ್ಲಿಂದ ಎದ್ದು ಹೋದವನು ಬಿರುಗಾಳಿ ಮಳೆಗೆ ಸಿಕ್ಕುತ್ತಾನೆ. ಬಾಗಿಲು ಹಾಕಿಕೊಳ್ಳುತ್ತಾರೆ. ಬಯಲಲ್ಲಿ ನಿಂತು ಗುಡುಗಿಗೆ ಅಪ್ಪಣೆ ಕೊಡುತ್ತಾನೆ, ಇನ್ನೂ ದೊರೆತನದ ಹಳೇ ಚಾಳಿ. ನಟರಿಗೆ ಈ ಭಾಗವೆಂದರೆ ಪ್ರಾಣ. ಬಳ್ಳಾರಿ ರಾಘವ ಅವರಂಥ ನಟ (1880ರಿಂದ 1946) ಶೇಕ್ಸ್‌ಪಿಯರ್ ಪಾತ್ರಗಳನ್ನು ಕಟ್ಟಿದ ಊರು ನಮ್ಮದು, ದೊಡ್ಡ ಗಂಟಲಿಗೆ ಇಲ್ಲಿ ಯಾವತ್ತೂ ಚಪ್ಪಾಳೆ ಇದೆ. ಆದರೆ ನಾನು ಹುಡುಗರಿಗೆ ತೋರಿಸುವುದು ಆ ಕೂಗಿನ ನಂತರದ ಒಂದು ಸಣ್ಣ ಮಾತನ್ನು. ನನ್ನ ಬುದ್ಧಿ ತಿರುಗಲು ಶುರುವಾಗಿದೆ ಎನ್ನುತ್ತಾನೆ ಲಿಯರ್. ಎಂದವನೇ ವಿದೂಷಕನ ಕಡೆ ನೋಡಿ, ‘ಹೇಗಿದ್ದೀಯೋ ಮಗಾ? ಚಳಿ ಆಗ್ತಿದೆಯಾ? ನನಗೂ ಚಳಿ’ ಎನ್ನುತ್ತಾನೆ.

ಎಂಬತ್ತು ವರ್ಷದಲ್ಲಿ, ನಾವು ಕಂಡಮಟ್ಟಿಗೆ, ಇನ್ನೊಬ್ಬರ ಚಳಿಯನ್ನು ಅವನು ಕೇಳುವುದು ಇದೇ ಮೊದಲು. ಹುಚ್ಚು ಹಿಡಿಯುವುದೂ ಕರುಳು ಕರಗುವುದೂ ಒಂದೇ ಸಾಲಿನಲ್ಲಿವೆ. ಸ್ವಲ್ಪ ಹೊತ್ತಿಗೆ, ಹರಕು ಬಟ್ಟೆಯಲ್ಲಿ ಇಂಥ ಮಳೆಯನ್ನು ತಡೆದುಕೊಳ್ಳುವ ಬಡವರ ನೆನಪಾಗಿ, ಅಯ್ಯೋ, ಇದರ ಕಡೆ ನಾನು ಲಕ್ಷ್ಯವನ್ನೇ ಕೊಡಲಿಲ್ಲವಲ್ಲ ಎನ್ನುತ್ತಾನೆ. ಆಮೇಲೆ ಹುಚ್ಚನ ಸೋಗು ಹಾಕಿದ ಒಬ್ಬ ಬೆತ್ತಲೆ ಮನುಷ್ಯ ಎದುರಾದಾಗ ಮೊದಲು ಕೇಳುವುದೇನು? ‘ನೀನೂ ಎಲ್ಲವನ್ನೂ ಹೆಣ್ಣುಮಕ್ಕಳಿಗೆ ಕೊಟ್ಟೆಯಾ?’ ಕೇಳಿದರೆ ನಗು ಬರುತ್ತದೆ, ನಗಲು ಆಗುವುದಿಲ್ಲ. ಮನುಷ್ಯನೆಂದರೆ ಇಷ್ಟೇನಾ ಎಂದು ಅವನನ್ನೇ ನೋಡುತ್ತಾ ತನ್ನ ಬಟ್ಟೆಯನ್ನೂ ಕಿತ್ತುಹಾಕಲು ಹೋಗುತ್ತಾನೆ. ಗುಂಡಿ ಬಿಚ್ಚಿರೋ ಎಂದು ಕೂಗುತ್ತಾನೆ. ಈ ಗುಂಡಿಯನ್ನು ನೆನಪಿಟ್ಟುಕೊಳ್ಳಿ.

1608ರ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಲಿಯರ್ ಗುಡಿಸಲಿನಲ್ಲಿ ಪಂಚಾಯ್ತಿ ಕೂಡಿಸುತ್ತಾನೆ. ನ್ಯಾಯಾಧೀಶರು ಯಾರು? ಬೆತ್ತಲೆ ಹುಚ್ಚ, ವಿದೂಷಕ ಮತ್ತು ವೇಷ ಮರೆಸಿಕೊಂಡು ಬಂದ ಕೆಂಟ್. ಆರೋಪಿ ಗಾನರಿಲ್. ಅವಳಂತೂ ಅಲ್ಲಿಲ್ಲ. ಇರುವುದು ಒಂದು ಸ್ಟೂಲು. ‘ಕ್ಷಮಿಸಮ್ಮಾ, ನಿನ್ನನ್ನ ನಾನು ಸ್ಟೂಲು ಅಂದ್ಕೊಂಡಿದ್ದೆ’ ಎನ್ನುತ್ತಾನೆ ವಿದೂಷಕ. 1623ರ ಮುದ್ರಣದಲ್ಲಿ ಈ ವಿಚಾರಣೆಯೇ ಇಲ್ಲ. ಇರಬೇಕಿತ್ತು ಅನ್ನುವವನು ನಾನು.

ಈ ದೃಶ್ಯದ ನಂತರ ವಿದೂಷಕ ನಾಟಕದಿಂದ ಕಾಣೆಯಾಗುತ್ತಾನೆ. ಯಾಕೆ, ಎಲ್ಲಿಗೆ ಎಂದು ಯಾರೂ ಹೇಳುವುದಿಲ್ಲ. ಬಯಲಾಟದಲ್ಲಿ ಮಂಗಳ ಹಾಡುವ ಮುಂಚೆ ಸಾರಥಿ ಎದ್ದುಹೋದರೆ ಜನ ಬಿಡುತ್ತಾರಾ? ಇಲ್ಲಿ ಹೋಗಿಬಿಡುತ್ತಾನೆ. ಅವನ ಕೆಲಸವನ್ನು ಲಿಯರೇ ವಹಿಸಿಕೊಂಡಿದ್ದಾನೆ ಎಂಬುದು ಗೊತ್ತಾಗುವುದು ನಾಲ್ಕನೇ ಅಂಕದಲ್ಲಿ. ಕಾಡುಹೂ, ಕಳೆಗಿಡಗಳ ಕಿರೀಟ ಇಟ್ಟುಕೊಂಡು ಬರುತ್ತಾನೆ. ಬಾಯಿಗೆ ಬಂದದ್ದು ಆಡುತ್ತಾನೆ, ಆ ಬಡಬಡಿಕೆಯ ನಡುವೆ ಸಾರಥಿಯ ಮಾತು. ನೀನೇ ಸರ್ವಸ್ವ ಅಂದರು, ಸುಳ್ಳು ಅದು, ನನಗೂ ಚಳಿಜ್ವರ ಬರುತ್ತದೆ. ಕುರ್ಚಿಯಲ್ಲಿ ಕೂತರೆ ನಾಯಿಯ ಮಾತನ್ನೂ ಕೇಳುತ್ತಾರೆ. ಹರಕು ಬಟ್ಟೆಯಲ್ಲಿ ಸಣ್ಣ ತಪ್ಪೂ ಕಾಣುತ್ತದೆ, ಜರಿ ನಿಲುವಂಗಿ ಎಲ್ಲವನ್ನೂ ಮುಚ್ಚುತ್ತದೆ.

ಇಲ್ಲಿ ಕನ್ನಡ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಇಂಗ್ಲಿಷಿನ ‘ಫೂಲ್’ ಒಂದೇ ಶಬ್ದ, ನಾಟಕದ ಉದ್ದಕ್ಕೂ ಅದೇ ಓಡಾಡುತ್ತದೆ. ನಮ್ಮಲ್ಲಿ ಬೇರೆಬೇರೆ ಇವೆ. ಮೊದಲ ಅಂಕದ ಲಿಯರ್ ಹುಂಬ. ಹೆಣ್ಣುಮಕ್ಕಳ ಕಣ್ಣಿಗೆ ಅರಳು ಮರಳು. ಬಿರುಗಾಳಿಯಲ್ಲಿ ಹುಚ್ಚ. ಫ್ರಾನ್ಸಿನ ದೊರೆಯನ್ನು ಮದುವೆಯಾಗಿ ಹೋಗಿದ್ದ ಕಾರ್ಡೀಲಿಯ ಅಪ್ಪನಿಗಾಗಿ ದಂಡು ಕಟ್ಟಿಕೊಂಡು ಬರುತ್ತಾಳೆ, ಅವಳ ಡೇರೆಯಲ್ಲಿ ಎಚ್ಚರವಾದಾಗ ಮಗುವಿನಂಥವನು. ಆಗ ಅವನು ಆಡುವ ಮಾತು ಇದು: ನಾನೊಬ್ಬ ದಡ್ಡ ಮುದುಕ, ಎಂಬತ್ತು ದಾಟಿದೆ, ನನ್ನ ಬುದ್ಧಿ ಪೂರ್ತಿ ನೆಟ್ಟಗಿಲ್ಲ ಅನಿಸುತ್ತದೆ. ‘ನಾನು ಯಾರು’ ಎಂಬ ಪ್ರಶ್ನೆಗೆ ಕೊನೆಗೂ ಸಿಕ್ಕ ಉತ್ತರ. ಆನೆಯಿಲ್ಲ, ಕುದುರೆಯಿಲ್ಲ, ಕುಲದ ಬಿರುದಿಲ್ಲ. ತನ್ನನ್ನು ದಡ್ಡ ಎಂದು ಕರೆದುಕೊಳ್ಳುವ ಹೊತ್ತಿನಲ್ಲಿ ಅವನಿಗೆ ಹಿಂದೆಂದೂ ಇಲ್ಲದಷ್ಟು ಬುದ್ಧಿ ಇದೆ. ವಿಷ ಕೊಟ್ಟರೂ ಕುಡಿಯುತ್ತೇನೆ, ನನ್ನ ಮೇಲೆ ಸಿಟ್ಟಾಗಲು ನಿನಗೆ ಕಾರಣವಿದೆ ಎನ್ನುತ್ತಾನೆ ಮಗಳಿಗೆ. ‘ಯಾವ ಕಾರಣವೂ ಇಲ್ಲ’ ಎನ್ನುತ್ತಾಳೆ ಅವಳು. ಮತ್ತೆ ಅದೇ ‘ಇಲ್ಲ’. ಮೊದಲ ದೃಶ್ಯದಲ್ಲಿ ಅವನನ್ನು ಕೆರಳಿಸಿದ ಮಾತು ಈಗ ಅವನನ್ನು ಕಾಪಾಡುತ್ತದೆ.

ಇಲ್ಲಿಗೆ ಮುಗಿಸಿದ್ದರೆ ಎಲ್ಲರೂ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಹಳೆಯ ಕಥೆಗಳಲ್ಲಿ ಲಿಯರ್‌ಗೆ ರಾಜ್ಯ ವಾಪಸ್ ಸಿಗುತ್ತದೆ. 1681ರಲ್ಲಿ ನೇಹಮ್ ಟೇಟ್ ಎಂಬಾತ ಶೇಕ್ಸ್‌ಪಿಯರ್‌ನ ಕೊನೆಯನ್ನೇ ಬದಲಿಸಿ, ಲಿಯರ್‌ನನ್ನು ಬದುಕಿಸಿ, ಕಾರ್ಡೀಲಿಯಳಿಗೆ ಮದುವೆಯನ್ನೂ ನಿಶ್ಚಯಿಸಿದ. ಸುಮಾರು ನೂರೈವತ್ತು ವರ್ಷ ಲಂಡನ್ ರಂಗದಲ್ಲಿ ನಡೆದದ್ದು ಆ ಸುಖಾಂತವೇ. 1838ರಲ್ಲಿ ಮ್ಯಾಕ್‌ರೆಡಿ ಎಂಬ ನಟ ಮೂಲದ ದುರಂತವನ್ನು ಮತ್ತೆ ರಂಗಕ್ಕೆ ತಂದ, ಬಿಟ್ಟುಹೋಗಿದ್ದ ವಿದೂಷಕನನ್ನೂ ಕರೆತಂದ. ಮಂಗಳ ಹಾಡದೆ ಎದ್ದೇಳದ ನಮಗೆ ಟೇಟ್‌ನ ಕಷ್ಟ ಅರ್ಥವಾಗಬೇಕು.

ಶೇಕ್ಸ್‌ಪಿಯರ್‌ನಲ್ಲಿ ಕಾರ್ಡೀಲಿಯಳ ದಂಡು ಸೋಲುತ್ತದೆ, ಅಪ್ಪ ಮಗಳಿಬ್ಬರೂ ಸೆರೆಯಾಗುತ್ತಾರೆ, ಸೆರೆಮನೆಯಲ್ಲಿ ಅವಳನ್ನು ನೇಣು ಹಾಕುತ್ತಾರೆ. ಲಿಯರ್ ಅವಳನ್ನು ಎತ್ತಿಕೊಂಡು ಬರುತ್ತಾನೆ. ‘ನನ್ನ ಬಡಪಾಯಿ ಫೂಲ್‌ಗೆ ನೇಣು ಹಾಕಿದರು’ ಎನ್ನುತ್ತಾನೆ. ಯಾರನ್ನು ಫೂಲ್ ಎನ್ನುತ್ತಿದ್ದಾನೆ, ಮಗಳನ್ನೋ, ಕಾಣೆಯಾದ ವಿದೂಷಕನನ್ನೋ ಎಂದು ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಆ ಕಾಲದ ಇಂಗ್ಲಿಷಿನಲ್ಲಿ ಅದು ಮುದ್ದಿನ ಮಾತೂ ಆಗಿತ್ತು ಎಂದು ಟಿಪ್ಪಣಿ ಹಾಕುತ್ತಾರೆ. ನಮ್ಮ ಹುಡುಗಿಯರಿಗೆ ಟಿಪ್ಪಣಿ ಬೇಕಾಗಲಿಲ್ಲ. ಹಿಂದಿನ ಬೆಂಚಿನ ಒಬ್ಬಳು ಹೇಳಿದಳು: ‘ಸರ್, ನಮ್ಮಪ್ಪ ನನಗ ಹುಚ್ಚಿ ಅಂತಾನಲ್ರೀ, ಹಂಗ.’

ಆಮೇಲೆ ಲಿಯರ್ ಪಕ್ಕದಲ್ಲಿ ನಿಂತವನಿಗೆ ಹೇಳುತ್ತಾನೆ: ದಯವಿಟ್ಟು ಈ ಗುಂಡಿ ಬಿಚ್ಚಿ. ಬಿಚ್ಚುತ್ತಾರೆ. ಉಪಕಾರವಾಯ್ತು ಸ್ವಾಮಿ ಎನ್ನುತ್ತಾನೆ. ನಾಟಕದಲ್ಲಿ ಅವನ ಮೊದಲ ಮಾತು ಸಾಮಂತನಿಗೆ ಕೊಟ್ಟ ಅಪ್ಪಣೆಯಾಗಿತ್ತು.

ಹೋದ ಬೇಸಿಗೆಯಲ್ಲಿ ನಮ್ಮೂರ ಆಟ ಮುಗಿಯುವಾಗ ಬೆಳಗಿನ ಆರು ಗಂಟೆ. ನಾನು ಅಟ್ಟದ ಹಿಂದೆ ಹೋದೆ. ದೊರೆ ಪಾತ್ರದವರು ಕುಕ್ಕರಗಾಲಿನಲ್ಲಿ ಕೂತಿದ್ದರು, ಬಣ್ಣ ಬೆವರಿನಲ್ಲಿ ಕಲಸಿಹೋಗಿತ್ತು. ಭುಜಕೀರ್ತಿಯ ಗಂಟು ಬೆನ್ನ ಹಿಂದೆ, ಅವರ ಕೈಗೆ ಎಟುಕುತ್ತಿರಲಿಲ್ಲ. ‘ಸ್ವಲ್ಪ ಬಿಚ್ಚೋ ಮಾರಾಯಾ’ ಅಂದರು. ಚಹಾದ ಲೋಟ ಕೆಳಗಿಟ್ಟು ಎದ್ದು ಬಂದವನು ಸಾರಥಿ.